ಮನೆಯವರನ್ನು ಕರೆಸಿ

ದ್ವಾರಕಾನಾಥ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಒಂದೇ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿಕೊಳ್ಳುತ್ತಿದ್ದ. ಇನ್ನು ಮೇಲೆ ನೀನು ಆಡುವಂತಿಲ್ಲ, ಆಂಗಸ್. ಮುಖಕ್ಕೆ ಹಚ್ಚಿದ ಸೋಪಿನ ನೊರೆ ಒಣಗಿ ಚರ್ಮ ಬಿಗಿಯತೊಡಗಿದ್ದರೂ ವಾಕ್ಯ ಹದಕ್ಕೆ ಬಂದಿರಲಿಲ್ಲ. ಗಟ್ಟಿಯಾಗಿ ಹೇಳಿದರೆ ಬೈದ ಹಾಗಾಗುತ್ತಿತ್ತು, ಮೆತ್ತಗೆ ಹೇಳಿದರೆ ತಪ್ಪು ತನ್ನದೇ ಎಂಬಂತೆ ಕೇಳುತ್ತಿತ್ತು. ಐವತ್ತೆರಡು ವರ್ಷದ, ನರೆತ ಮೀಸೆಯ ಡಾಕ್ಟರೊಬ್ಬ ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೀಗೆ ನಾಟಕ ಮಾಡುತ್ತಿರುವುದು ಅವನಿಗೇ ನಗೆಪಾಟಲಾಗಿ ಕಂಡಿತು.

"ರೀ, ಸ್ಟೆತಾಸ್ಕೋಪ್ ಎಲ್ಲಿಟ್ಟಿದೀರಾ? ಬಿ.ಪಿ. ಮೆಷೀನೂ ಬೇಕು. ಪೂಜೆಗೆ ಇಡ್ಬೇಕು," ಎಂದು ಹೊರಗಿನಿಂದ ಹೆಂಡತಿ ಕೋಕಿಲಾ ಕೂಗಿದಳು.

"ಬ್ಯಾಗಲ್ಲಿದೆ ನೋಡು."

"ಇಟ್ಟ ಮೇಲೆ ನಾಳೆ ತನಕ ಮುಟ್ಟೋ ಹಾಗಿಲ್ಲ. ಯಾರೋ ಫೋನ್ ಮಾಡಿದ್ರು ಅಂತ ಎತ್ಕೊಂಡು ಓಡ್ಬೇಡಿ ಮತ್ತೆ. ಇವತ್ತು ನೀವು ಡಾಕ್ಟರಲ್ಲ, ತಿಳೀತಾ?"

ಆ ಮಾತಿನಿಂದ ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಮೊನ್ನೆ ಶುಕ್ರವಾರ ನೈರೋಬಿಯ ಅಪ್ಪರ್ ಹಿಲ್‌ನ ಸ್ಕ್ಯಾನ್ ಕೇಂದ್ರದಲ್ಲಿ ಗೆಳೆಯ ಪೀಟರ್ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಪೆನ್ನಿನ ತುದಿಯನ್ನು ಕತ್ತಿನ ನಡುವೆ ಇಟ್ಟಿದ್ದ. ಬೆನ್ನುಹುರಿ ಇಳಿದು ಬರುವ ದಾರಿ ಅಲ್ಲಿ ಇಕ್ಕಟ್ಟಾಗಿ, ಮೇಲಿನಿಂದ ಬಂದ ಬಿಳಿಯ ಪಟ್ಟಿ ಹಿಂಡಿದ ದಾರದ ಹಾಗೆ ಸಣ್ಣಗಾಗಿತ್ತು. ಯಾರದ್ದಿದು ಎಂದು ಪೀಟರ್ ಕೇಳಿದ. ನಮ್ಮ ಕಂಪನಿಯ ಫುಟ್‌ಬಾಲ್ ಟೀಮಿನ ಕೋಚ್, ಸ್ಕಾಟ್‌ಲೆಂಡಿನವನು, ಆಂಗಸ್ ಟೆಲ್ಫರ್ ಅಂತ, ತಾನೂ ಆಡುತ್ತಾನೆ, ಡಿಫೆಂಡರ್ ಎಂದ ದ್ವಾರಕಾನಾಥ. "ಡಿಫೆಂಡರ್ ಅಂದ್ರೆ ತಲೆಯಲ್ಲಿ ಚೆಂಡು ಹೊಡೀತಾನಲ್ಲ? ನಿಲ್ಸು ಮಾರಾಯ, ಇವತ್ತೇ ನಿಲ್ಸು. ಒಂದು ಸರಿಯಾದ ಪೆಟ್ಟು ಬಿದ್ರೆ ಕೈಕಾಲು ಎರಡೂ ಹೋಯ್ತು," ಎಂದಿದ್ದ ಪೀಟರ್. ದ್ವಾರಕಾನಾಥ ತಲೆಯಾಡಿಸಿದ್ದ. ಅಂದು ಸಂಜೆಯೇ ಟೆಲ್ಫರ್ ಫ್ಯಾಕ್ಟರಿಯ ಕ್ಲಿನಿಕ್ಕಿಗೆ ಬಂದು, ಮೇಜಿನ ಮೇಲೆ ಕೂತು ಕಾಲು ಆಡಿಸುತ್ತಾ, ಈ ವಾರ ಬೆರಳು ಜುಮ್ಮೆನ್ನುವುದು ಕಡಿಮೆಯಾಗಿದೆ ಎಂದಾಗ, ಇವನು ಹೇಳಬೇಕಾದದ್ದನ್ನು ಬಿಟ್ಟು ಭಾನುವಾರ ನಮ್ಮಲ್ಲಿ ಹಬ್ಬ, ಊಟಕ್ಕೆ ಬಾ ಎಂದುಬಿಟ್ಟಿದ್ದ. ಊಟಕ್ಕೆ ಕರೆದು ಹೇಳಿದರೆ ಮನುಷ್ಯತ್ವ ಇರುತ್ತದೆ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನಿಸಿತ್ತು.

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ವೃತ್ತಿಯಲ್ಲಿ ಇಳಿದಂದಿನಿಂದ ಯಾವ ರೋಗಿಗೂ ಅವನ ಕೆಟ್ಟ ಸುದ್ದಿಯನ್ನು ಅವನ ಮುಖ ನೋಡಿ ಹೇಳಿದವನೂ ಅಲ್ಲ. ಮೈಸೂರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಹಿರಿಯರನ್ನು ನೋಡಿ ಕಲಿತದ್ದು ಅದನ್ನೇ. ರೋಗಿಯ ಬೆನ್ನು ತಟ್ಟಿ, ಏನಿಲ್ಲ, ಎಲ್ಲ ಸರಿಹೋಗುತ್ತೆ ಎಂದು ನಗಬೇಕು. ಹೊರಗೆ ಬಂದು ಮನೆಯವರು ಯಾರು ಎಂದು ಕೇಳಬೇಕು. ಯಾರಾದರೊಬ್ಬ ಭಾವಮೈದುನನೋ ಚಿಕ್ಕಪ್ಪನೋ ಎದ್ದು ಬರುತ್ತಾನೆ. ಅವನ ಹೆಗಲ ಮೇಲೆ ಕೈಹಾಕಿ ಕಾರಿಡಾರಿನ ತುದಿಗೆ ಕರೆದುಕೊಂಡು ಹೋಗಿ ಹೇಳಿದರೆ ಮುಗಿಯಿತು, ಉಳಿದದ್ದು ಅವರವರ ಸಂಸಾರದ ಮಾತು. ನೈರೋಬಿಗೆ ಬಂದ ಮೇಲೂ ಇದು ನಡೆದುಕೊಂಡು ಬಂದಿತ್ತು. ಫ್ಯಾಕ್ಟರಿಯ ಕೆಲಸಗಾರರಿಗೆ ಅಣ್ಣಂದಿರಿದ್ದರು, ನ್ಗಾರಾದ ಅಂಗಡಿಯವರಿಗೆ ಮನೆ ತುಂಬ ಜನ. ಟೆಲ್ಫರ್‌ಗೆ ಯಾರಿದ್ದಾರೆ? ಹೆಂಡತಿ ಬಿಟ್ಟುಹೋಗಿ ಬೇರೆ ಮದುವೆಯಾಗಿದ್ದಳು, ಅಪ್ಪ ತೀರಿಕೊಂಡಿದ್ದ. ಇಲ್ಲಿ ನಿನ್ನವರು ಅಂತ ಯಾರಾದರೂ ಇದ್ದಾರಾ ಎಂದು ಶುಕ್ರವಾರ ಕೇಳಿಯೂ ಇದ್ದ, ಹಾರಿಕೆಯ ದನಿಯಲ್ಲಿ. ಟೆಲ್ಫರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಕ್ಕು, "ನೀವಿದ್ದೀರಲ್ಲ ಡಾಕ್," ಎಂದಿದ್ದ.

ಹನ್ನೊಂದರ ಸುಮಾರಿಗೆ ಟೆಲ್ಫರ್ ಕಿಟ್ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಮಧ್ಯಾಹ್ನ ಮೂರಕ್ಕೆ ಬ್ಯಾಂಕಿನ ತಂಡದ ಮೇಲೆ ಪಂದ್ಯವಿತ್ತು. ಗೆದ್ದರೆ ಮೇಲಿನ ಡಿವಿಜನ್, ಸ್ಪ್ರಿಂಗ್ ವ್ಯಾಲಿಯಿಂದ ಕಂಪನಿಯ ಎಂ.ಡಿ. ಕುಟುಂಬ ಸಮೇತ ನೋಡಲು ಬರುತ್ತಿದ್ದರು. ಬಾಗಿಲಲ್ಲಿ ಬಗ್ಗಿ ಶೂ ಬಿಚ್ಚಿ, ಹಣೆಯ ಮೇಲೆ ಹಳೆಯ ಹೊಲಿಗೆಯ ಗುರುತುಗಳಿದ್ದ ಕೆಂಪು ಮುಖವನ್ನು ಎತ್ತಿ, ಕೋಕಿಲಾಗೆ ಎರಡೂ ಕೈ ಜೋಡಿಸಿದ. ಯಾರು ಹೇಳಿಕೊಟ್ಟಿದ್ದರೋ. ಒಳಗೆ ದೇವಿಯ ಪಟದ ಕೆಳಗೆ ಈಳಿಗೆಮಣೆ, ಚಾಕು, ಮಿಕ್ಸಿಯ ಜಾರು, ಕಾರಿನ ಇನ್ನೊಂದು ಕೀಲಿ, ಮಗಳು ಶರ್ವಾಣಿಯ ಕಂಪಾಸ್ ಪೆಟ್ಟಿಗೆ, ಅವುಗಳ ನಡುವೆ ಸುರುಳಿ ಸುತ್ತಿಕೊಂಡು ಕುಂಕುಮ ಹಚ್ಚಿಸಿಕೊಂಡ ಸ್ಟೆತಾಸ್ಕೋಪ್. ನೈವಾಶಾದ ಗುಲಾಬಿಗಳು ರಾಶಿ ಬಿದ್ದಿದ್ದವು. ಇದೇನಿದು ಎಂದು ಟೆಲ್ಫರ್ ಕೇಳಿದ. ನಮಗೆ ಅನ್ನ ಕೊಡುವ ಸಾಮಾನನ್ನು ಇವತ್ತು ದೇವರ ಮುಂದೆ ಇಡುತ್ತೇವೆ ಎಂದು ವಿವರಿಸುತ್ತಿದ್ದಂತೆ ದ್ವಾರಕಾನಾಥನಿಗೆ ಉಪಾಯ ಹೊಳೆಯಿತು.

"ನಿನ್ನ ಬೂಟೂ ಕೊಡು, ಇಡೋಣ," ಎಂದ.

ಇಟ್ಟದ್ದನ್ನು ನಾಳೆಯವರೆಗೆ ತೆಗೆಯುವಂತಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಟೆಲ್ಫರ್ ಸಂಕೋಚದಿಂದ ಚೀಲದ ಜಿಪ್ಪು ಎಳೆದು, ಕೆಳಗೆ ಕಬ್ಬಿಣದ ಮೊಳೆಗಳಿದ್ದ ಕಪ್ಪು ಬೂಟುಗಳನ್ನು ತೆಗೆದ. ಚೆನ್ನಾಗಿ ಉಜ್ಜಿ ಹೊಳೆಯಿಸಿದ್ದವು. ಹದಿನಾರನೆಯ ವಯಸ್ಸಿನಲ್ಲಿ ಕ್ಲಬ್ಬಿಗೆ ಸೇರಿದಾಗ ಮೊದಲ ವರ್ಷ ಹಿರಿಯ ಆಟಗಾರರ ಬೂಟು ಉಜ್ಜುವುದೇ ಕೆಲಸವಾಗಿತ್ತಂತೆ, ಆ ಅಭ್ಯಾಸ ಹೋಗಿರಲಿಲ್ಲ.

ಕೋಕಿಲಾ ಗಂಡನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ, "ತಲೆ ನೆಟ್ಟಗಿದೆಯೇನ್ರೀ? ಚರ್ಮದ ಬೂಟು, ಕಾಲಿಗೆ ಹಾಕೋದು. ದೇವರ ಹತ್ರ ಇಡೋಕಾಗುತ್ತಾ?" ಎಂದಳು.

"ಕಾರಿನ ಟೈರಿಗೆ ಕುಂಕುಮ ಹಚ್ತೀವಲ್ಲ, ಅದು ಎಲ್ಲೆಲ್ಲಿ ಓಡಾಡುತ್ತೆ? ಪಾಪ, ಅವನ ಅನ್ನ ಅದರಿಂದಾನೇ ಕಣೇ. ನಾವಲ್ದೆ ಅವನಿಗೆ ಇಲ್ಲಿ ಇನ್ಯಾರಿದಾರೆ?"

ಕೋಕಿಲಾ ಒಂದು ಗಳಿಗೆ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ಬಹಳ ದಿನದ ಮೇಲೆ ಗಂಡನ ಬಗ್ಗೆ ಮೆಚ್ಚುಗೆ ಕಾಣಿಸಿತು, ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವಳು ಬಾಳೆಲೆಯ ತುಂಡೊಂದನ್ನು ಹಾಸಿ, ಸ್ವಲ್ಪ ಪಕ್ಕಕ್ಕೆ ಬೂಟುಗಳನ್ನು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಒಂದೊಂದು ಗುಲಾಬಿ ಸಿಕ್ಕಿಸಿದಳು. "ಅಮ್ಮಾ, ದೋಸ್ ಆರ್ ಶೂಸ್!" ಎಂದು ಶರ್ವಾಣಿ ಬಾಗಿಲ ಬಳಿ ನಿಂತು ಕಿಸಕ್ಕೆಂದಳು. ಟೆಲ್ಫರ್ ಮಾತ್ರ ನಗಲಿಲ್ಲ. ಮಂಗಳಾರತಿಯ ಹೊತ್ತಿಗೆ ತಲೆ ತಗ್ಗಿಸಿ ನಿಂತಿದ್ದ. ಕೂದಲು ತೆಳ್ಳಗಾದ ನೆತ್ತಿ, ಅದರ ಕೆಳಗಿನ ದಪ್ಪ ಕತ್ತು ದ್ವಾರಕಾನಾಥನ ಕಣ್ಣೆದುರಿಗೇ ಇತ್ತು. ಆ ಚರ್ಮದ ಒಳಗೆ ಏನಿದೆ ಎಂದು ಗೊತ್ತಿರುವವನು ಈ ಮನೆಯಲ್ಲಿ ತಾನೊಬ್ಬನೇ, ಕತ್ತಿನ ಒಡೆಯನಿಗೂ ಗೊತ್ತಿಲ್ಲ ಎಂದುಕೊಂಡು ಕಣ್ಣನ್ನು ಆರತಿಯ ಕಡೆಗೆ ತಿರುಗಿಸಿದ.

ಎಲೆ ಹಾಕಿದ ಮೇಲೆ ಹೇಳುವುದೆಂದು ತೀರ್ಮಾನಿಸಿದ್ದ. ಕೋಸಂಬರಿ ಬಡಿಸುವಾಗ ಬಾಯಿ ತೆರೆದ. ಆದರೆ ತುತ್ತು ಎತ್ತಿದವನಿಗೆ ಹೇಗೆ ಹೇಳುವುದು? ದ್ವಾರಕಾನಾಥನ ತಾಯಿ ಊಟದ ಎಲೆಯ ಮುಂದೆ ಸಾವಿನ ತಂತಿ ಬಂದರೂ ಕೈತೊಳೆಯುವ ತನಕ ಓದಗೊಡುತ್ತಿರಲಿಲ್ಲ. ಪುಳಿಯೋಗರೆ ಆಗಲಿ ಎಂದುಕೊಂಡ. ಆಮೇಲೆ ಒಬ್ಬಟ್ಟು ಬಂತು, ಒಬ್ಬಟ್ಟಿನ ಮೇಲೆ ತುಪ್ಪ ಬಂತು, ತುಪ್ಪ ಸುರಿಯುವಾಗ ಯಾರಾದರೂ ಅಂಥ ಮಾತಾಡುತ್ತಾರೆಯೆ? ಟೆಲ್ಫರ್ ಬೆರಳುಗಳಿಂದ ತಿನ್ನಲು ಕಷ್ಟಪಡುತ್ತಿದ್ದ. ಪಲ್ಯದ ಹುರಳಿಕಾಯಿ ಮತ್ತೆ ಮತ್ತೆ ಎಲೆಯ ಮೇಲೇ ಬೀಳುತ್ತಿತ್ತು. ಅಭ್ಯಾಸವಿಲ್ಲ ಎಂದು ಕೋಕಿಲಾ ಚಮಚ ತಂದುಕೊಟ್ಟಳು. ಅದು ಅಭ್ಯಾಸದ ಮಾತಲ್ಲವೆಂದು ದ್ವಾರಕಾನಾಥನಿಗೆ ಗೊತ್ತಿತ್ತು. ಅವನು ತನ್ನ ಎಲೆಯನ್ನು ನೋಡುತ್ತಾ ಊಟ ಮಾಡಿದ.

ಟೆಲ್ಫರ್ ಆ ದಿನ ಮಾತಿನ ಹುರುಪಿನಲ್ಲಿದ್ದ. ಶರ್ವಾಣಿ, ಆ ವರ್ಷದ ವಿಶ್ವಕಪ್ ನೋಡಿ ಹುಚ್ಚು ಹಿಡಿಸಿಕೊಂಡಿದ್ದವಳು, ಒಂದಾದ ಮೇಲೊಂದು ಕೇಳುತ್ತಿದ್ದಳು. ಅವನ ಊರಿನ ಕಲ್ಲಿದ್ದಲ ಗಣಿ ಮುಚ್ಚಿದ ವರ್ಷ ಕ್ಲಬ್ಬಿನವರು ಅವನನ್ನು ಆರಿಸಿಕೊಂಡಿದ್ದರು. ಗ್ಯಾಲರಿಯ ಅಡಿಯಲ್ಲಿ ತೊಲೆಗೆ ಹಗ್ಗ ಕಟ್ಟಿ ಚೆಂಡು ನೇತುಹಾಕಿ, ಕೈ ಬೆನ್ನಿಗೆ ಕಟ್ಟಿಕೊಂಡು ನೆಗೆದು ನೆಗೆದು ಹಣೆಯಿಂದ ಹೊಡೆಯಬೇಕು. ದಿನವೂ ಹಗ್ಗವನ್ನು ಒಂದು ಬೆರಳಿನಷ್ಟು ಮೇಲೆ ಎಳೆಯುತ್ತಿದ್ದರು. ಚೆಂಡು ನೀರು ಕುಡಿದು ಕಲ್ಲಾಗಿರುತ್ತಿತ್ತು. ಸಂಜೆ ಮನೆಗೆ ಹೋದರೆ ಅಮ್ಮ ಮಾತಾಡುವುದು ಗೋಡೆಯಾಚೆಯಿಂದ ಕೇಳಿದಂತೆ ಇರುತ್ತಿತ್ತು. ಹದಿನೇಳು ವರ್ಷ ಆಡಿ ಮೇಲಿನ ಡಿವಿಜನ್ನಿನಲ್ಲಿ ಕಂಡದ್ದು ಅರ್ಧ ಸೀಸನ್. ಆ ಅರ್ಧದಲ್ಲಿ ಒಂದು ಸಲ ಟೀವಿಯಲ್ಲಿ ಬಂದಿದ್ದ, ಅದೂ ತನ್ನದೇ ಗೋಲಿಗೆ ಚೆಂಡು ಹೊಡೆದುಕೊಂಡದ್ದಕ್ಕೆ. ಶರ್ವಾಣಿ ಬಿದ್ದು ಬಿದ್ದು ನಕ್ಕಳು, ಅವನೂ ನಕ್ಕ. "ಮುಂದೆ ಆಡುವವರು ಏನಾದರೂ ಆಗಲಿ ಅಂತ ಆಡುತ್ತಾರೆ. ನನ್ನ ಕೆಲಸ ಏನೂ ಆಗದ ಹಾಗೆ ನೋಡಿಕೊಳ್ಳೋದು," ಎಂದ. ಆ ಮಾತು ದ್ವಾರಕಾನಾಥನ ಕಿವಿಯಲ್ಲಿ ಉಳಿದುಬಿಟ್ಟಿತು. ತನ್ನ ಬದುಕೂ ಅದೇ ಅಲ್ಲವೆ, ಎಲ್ಲಿಯೂ ಏನೂ ಆಗದ ಹಾಗೆ, ಯಾರ ಮುಖವೂ ಬಾಡದ ಹಾಗೆ, ಯಾವ ಬಾಗಿಲೂ ದಢಾರನೆ ಮುಚ್ಚದ ಹಾಗೆ. ಆದರೆ ಅದಕ್ಕಾಗಿ ಟೆಲ್ಫರ್ ಹಣೆ ಕೊಟ್ಟಿದ್ದ. ತಾನು ಏನು ಕೊಟ್ಟೆ?

ವೀಳ್ಯದೆಲೆಯ ತಟ್ಟೆ ಬರುವ ಹೊತ್ತಿಗೆ ಎರಡು ಗಂಟೆಯಾಗಿತ್ತು. ಟೆಲ್ಫರ್ ಗಡಿಯಾರ ನೋಡಿ ಎದ್ದು, ಪಟದ ಕಡೆಗೆ ನಡೆದ.

"ಅದನ್ನ ಇವತ್ತು ತೆಗೆಯೋ ಹಾಗಿಲ್ಲ," ಎಂದ ದ್ವಾರಕಾನಾಥ. ಎಷ್ಟು ಸಲೀಸಾಗಿ ಬಂತು ಮಾತು! "ನಮ್ಮಲ್ಲಿ ಹಾಗೆ. ಪೂಜೆಗೆ ಕೂತದ್ದು ನಾಳೆಯೇ ಏಳೋದು. ಬೇಜಾರು ಮಾಡ್ಕೋಬೇಡ. ಇವತ್ತು ಹೊರಗೆ ನಿಂತು ಕೋಚಿಂಗ್ ಮಾಡು."

ಟೆಲ್ಫರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕೋಪವಿರಲಿಲ್ಲ. ಬೇರೆಯವರ ಮನೆಯಲ್ಲಿ ಏನನ್ನೋ ಒಡೆದುಹಾಕಲಿದ್ದವನಂತೆ ಮುಖ ಕೆಂಪಾಯಿತು. "ಸರಿ ಸರಿ. ಗೋಲ್‌ಕೀಪರ್ ಹತ್ತಿರ ಇನ್ನೊಂದು ಜೊತೆ ಇರುತ್ತೆ. ಸ್ವಲ್ಪ ಬಿಗಿ. ನಡೆಯುತ್ತೆ," ಎಂದ.

ಏನು ಮಾತಾಡುತ್ತಿದ್ದೀರಿ ಎಂದು ಕೋಕಿಲಾ ಕೇಳಿ ತಿಳಿದುಕೊಂಡಳು. ಅವಳಿಗೆ ಕೆಡುಕೆನಿಸಿತು. "ಅಯ್ಯೋ, ಹಬ್ಬದ ದಿನ ನಮ್ಮನೇಲಿ ಉಂಡು ಯಾರದ್ದೋ ಬೂಟು ಹಾಕ್ಕೊಂಡು ಆಡ್ಬೇಕಾ? ಮೊದಲೇ ಹೇಳ್ಬಾರ್ದಿತ್ತೇನ್ರೀ ನೀವು? ಇರಿ, ಅದೊಂದನ್ನ ಕದಲಿಸಿಬಿಡ್ತೀನಿ."

"ಹಾಗೆಲ್ಲ ಮಧ್ಯದಲ್ಲಿ ಕದಲಿಸಬಾರದು ಕಣೇ."

"ದೇವಿ ಅಷ್ಟು ಕಲ್ಲುಮನಸ್ಸಿನವಳಲ್ಲ, ಬಿಡಿ," ಎಂದು ಅವಳು ಅಕ್ಷತೆ ಹಾಕಿ, ಮಂತ್ರ ಹೇಳಿಕೊಂಡು, ಬೂಟುಗಳನ್ನು ಬಾಳೆಲೆಯ ಸಮೇತ ಉತ್ತರಕ್ಕೆ ಒಂದಿಷ್ಟು ಸರಿಸಿ, ಹೂವು ತೆಗೆದು ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಎತ್ತಿ ಟೆಲ್ಫರ್‌ಗೆ ಕೊಟ್ಟಳು. ಗೆದ್ದು ಬಾ ಎಂದು ಕನ್ನಡದಲ್ಲೇ ಹೇಳಿದಳು. ಅವನಿಗೆ ಅರ್ಥವಾಯಿತು. ದ್ವಾರಕಾನಾಥ ಕಾರಿನ ಕೀಲಿ ಹುಡುಕುವ ನೆಪದಲ್ಲಿ ಒಳಕೋಣೆಗೆ ಹೋಗಿ ಸ್ವಲ್ಪ ಹೊತ್ತು ಮಂಚದ ಮೇಲೆ ಕೂತ.

ಕಾರಿನಲ್ಲಿ ಇಬ್ಬರೇ. ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ನ್ಗಾರಾದ ರಸ್ತೆಯಲ್ಲಿ ಮಟಾಟು ವ್ಯಾನುಗಳು ಅಡ್ಡಡ್ಡ ನುಗ್ಗಿ ನಿಲ್ಲುತ್ತಿದ್ದವು, ಬಾಗಿಲಿಗೆ ಜೋತುಬಿದ್ದ ಕಂಡಕ್ಟರುಗಳು ತಗಡು ಬಡಿದು ಕೂಗುತ್ತಿದ್ದರು. ಈ ಗಲಾಟೆ ದಾಟಲಿ ಎಂದುಕೊಂಡ. ಗಲಾಟೆ ದಾಟಿತು. ಮುಂದಿನ ವೃತ್ತದ ಹತ್ತಿರ ಎಂದುಕೊಂಡ. ಟೆಲ್ಫರ್ ಕಿಟಕಿಯಾಚೆ ನೋಡುತ್ತಾ, ತನ್ನ ಕೊನೆಯ ಸ್ಕಾಟಿಷ್ ಕ್ಲಬ್ಬಿನ ಮಾತು ತೆಗೆದ. ಮೊಣಕಾಲಿನ ಆಪರೇಷನ್ ಆಗಿ ತಿಂಗಳಾಗಿತ್ತು. ಮ್ಯಾನೇಜರ್ ಬೆನ್ನು ತಟ್ಟಿ, ಮಂಗಳವಾರ ಸಿಗೋಣ ದೊರೆ ಎಂದಿದ್ದ. ಮಂಗಳವಾರ ಹೋದರೆ ಡ್ರೆಸಿಂಗ್ ರೂಮಿನಲ್ಲಿ ಇವನ ಗೂಟಕ್ಕೆ ಬೇರೆಯವನ ಅಂಗಿ ನೇತಾಡುತ್ತಿತ್ತು. ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಎಲ್ಲರೂ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. "ತೆಗೆದದ್ದಕ್ಕೆ ಸಿಟ್ಟಿಲ್ಲ ಡಾಕ್. ಕಾಲು ಹೋಗಿತ್ತು, ನನಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲವಲ್ಲ, ಅದಕ್ಕೆ ಇವತ್ತಿಗೂ ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ."

ದ್ವಾರಕಾನಾಥ ಗೇರ್ ಬದಲಿಸಿದ.

"ಅಂದ ಹಾಗೆ, ಆ ಸ್ಕ್ಯಾನ್ ಬಂತಾ?" ಎಂದು ಟೆಲ್ಫರ್ ಕೇಳಿದ.

ಇಷ್ಟು ನೇರವಾಗಿ ಕೇಳಬಹುದೆಂದು ಅವನು ಎಣಿಸಿರಲಿಲ್ಲ. ಬಚ್ಚಲಮನೆಯ ವಾಕ್ಯ ಗಂಟಲವರೆಗೆ ಬಂತು. ಆಗ ಕಂಡದ್ದು ಪಕ್ಕದ ಸೀಟಿನ ಮುಖ. ಹೊಟ್ಟೆ ತುಂಬಿದ, ಹಣೆಗೆ ಕೋಕಿಲಾ ಇಟ್ಟ ಕುಂಕುಮ ಬೆವರಿಗೆ ಇಳಿದ, ನಾಲ್ಕು ಜನರ ನಡುವೆ ಕೂತು ಉಂಡ ಸಂತೋಷ ಇನ್ನೂ ಹೋಗದ ಮುಖ. ಅದನ್ನು ಕೆಡಿಸುವವನು ತಾನಾಗಬೇಕೆ?

"ಸೋಮವಾರ ಕೂತು ಮಾತಾಡೋಣ," ಎಂದ.

ಟೆಲ್ಫರ್ ಸೀಟಿಗೆ ಒರಗಿ ಉಸಿರು ಬಿಟ್ಟ. "ಒಳ್ಳೇದು. ಕೆಟ್ಟದ್ದಾಗಿದ್ದರೆ ನೀವು ಆಗಲೇ ಹೇಳಿರುತ್ತಿದ್ದಿರಿ. ಸುಮ್ಮನೆ ಹೆದರಿದ್ದೆ, ನಿಜ ಹೇಳಬೇಕೆಂದರೆ."

ಮೈದಾನದ ಹುಲ್ಲು ನಡುವೆ ಸವೆದು ಕೆಂಪು ಮಣ್ಣು ಎದ್ದಿತ್ತು. ಎಂ.ಡಿ. ಛತ್ರಿಯ ಕೆಳಗೆ ಕುರ್ಚಿಯಲ್ಲಿ ಕೂತು, ಡಾಕ್ಟರ್ ಸಾಹೇಬರಿಗೂ ಒಂದು ಕುರ್ಚಿ ಹಾಕಿಸಿದರು. ಹೇಳುವುದಾದರೆ ಇವರಿಗೂ ಹೇಳಬಹುದಿತ್ತು, ಹೆಗಲ ಮೇಲೆ ಕೈಹಾಕಿ, ಆಚೆ ಕರೆದು. ಎದ್ದೂ ನಿಂತ. ಅಷ್ಟರಲ್ಲಿ ಸೀಟಿ ಕೇಳಿಸಿತು, ಎಂ.ಡಿ. ಚಪ್ಪಾಳೆ ತಟ್ಟತೊಡಗಿದರು, ಅವನೂ ತಟ್ಟಿದ. ಕಂದು ಬಣ್ಣದ ಆಟಗಾರರ ನಡುವೆ ಟೆಲ್ಫರನ ಬಿಳಿಯ ಕಾಲುಗಳು ದೂರಕ್ಕೂ ಕಾಣುತ್ತಿದ್ದವು. ಅವನು ಹೆಚ್ಚು ಓಡುತ್ತಿರಲಿಲ್ಲ. ಕೈ ತೋರಿಸುತ್ತಿದ್ದ, ಗದರುತ್ತಿದ್ದ, ಚೆಂಡು ಬೀಳುವ ಕಡೆ ಮೊದಲೇ ಹೋಗಿ ನಿಂತಿರುತ್ತಿದ್ದ. ಮೊದಲ ಸಲ ನೆಗೆದು ಹಣೆಯಿಂದ ಹೊಡೆದಾಗ ದ್ವಾರಕಾನಾಥ ಕಣ್ಣು ಮುಚ್ಚಿದ. ತೆರೆದಾಗ ಟೆಲ್ಫರ್ ನಿಂತೇ ಇದ್ದ, ಎಡಗೈಯನ್ನು ಒದರಿಕೊಳ್ಳುತ್ತಿದ್ದ. ಎರಡನೆಯ ಸಲವೂ ಹಾಗೇ. ಮೂರನೆಯ ಸಲಕ್ಕೆ ದ್ವಾರಕಾನಾಥ ಕಣ್ಣು ಮುಚ್ಚಲಿಲ್ಲ. ಪೀಟರ್ ಸುಮ್ಮನೆ ಹೆದರಿಸಿರಬಹುದು, ಎಷ್ಟೋ ಜನ ಇಂಥ ಕತ್ತು ಇಟ್ಟುಕೊಂಡು ಎಂಬತ್ತು ವರ್ಷ ಬದುಕುವುದಿಲ್ಲವೆ ಎಂಬ ಧೈರ್ಯ ಮೆಲ್ಲಗೆ ಹುಟ್ಟಿಕೊಂಡಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಏನೂ ಆಗದೆ ಈ ಪಂದ್ಯ ಮುಗಿದರೆ ಸೋಮವಾರವೂ ತಾನು ಹೇಳುವುದಿಲ್ಲ. ಅದು ಅವನಿಗೆ ಖಚಿತವಾಗಿ ತಿಳಿದುಹೋಯಿತು, ತನ್ನ ಬಗ್ಗೆ ಅವನಿಗೆ ಅಷ್ಟು ಖಚಿತವಾಗಿ ಯಾವತ್ತೂ ಏನೂ ತಿಳಿದಿರಲಿಲ್ಲ.

ಅವನು ಕುರ್ಚಿಯಿಂದ ಎದ್ದು ಗೆರೆಯ ಹತ್ತಿರ ನಡೆದ. ಆಂಗಸ್ ಎಂದು ಕೂಗಿದ. ಇದೊಂದು ಸಲ ನಿಜವಾಗಿಯೂ ಕೂಗಿದ. ಮೂಲೆಯಿಂದ ಚೆಂಡು ಎದ್ದಿತ್ತು, ಎಲ್ಲರೂ ಕೂಗುತ್ತಿದ್ದರು. ಟೆಲ್ಫರ್ ಎಲ್ಲರಿಗಿಂತ ಮೇಲೆ ಹೋದ. ಚೆಂಡು ಅವನ ಹಣೆಗೆ ತಾಗಿ ದೂರ ಹಾರಿತು, ಅದೇ ಹೊತ್ತಿಗೆ ಬ್ಯಾಂಕಿನವನೊಬ್ಬನ ಹೆಗಲು ಅವನ ಗದ್ದಕ್ಕೆ ಬಡಿದು ತಲೆ ಹಿಂದಕ್ಕೆ ಮಡಚಿತು. ಕೆಳಗೆ ಬಿದ್ದಾಗ ಅವನು ಕೈ ಊರಲಿಲ್ಲ. ಮೂಟೆ ಇಳಿಸಿದ ಹಾಗೆ ಬಿದ್ದ.

"ಮುಟ್ಟಬೇಡಿ! ಯಾರೂ ಎತ್ತಬೇಡಿ!" ಎಂದು ಅರಚುತ್ತಾ ದ್ವಾರಕಾನಾಥ ಓಡಿದ. ತಲೆಯ ಹಿಂದೆ ಮಣ್ಣಲ್ಲಿ ಮಂಡಿಯೂರಿ, ಎರಡೂ ಅಂಗೈಗಳಿಂದ ಟೆಲ್ಫರನ ತಲೆಯನ್ನು ಅಲುಗದಂತೆ ಹಿಡಿದುಕೊಂಡ. ಈ ಕೆಲಸ ಅವನಿಗೆ ಗೊತ್ತಿತ್ತು. ಆಂಬುಲೆನ್ಸ್ ಬಂದು ಕತ್ತಿಗೆ ಪಟ್ಟಿ ಕಟ್ಟುವ ತನಕ ಹೀಗೆಯೇ ಹಿಡಿದಿರಬೇಕು. ತಲೆಕೆಳಗಾದ ಮುಖ ನೇರ ಅವನ ಮುಖದ ಕೆಳಗಿತ್ತು. ಸುತ್ತ ನಿಂತ ಆಟಗಾರರು "ಪೋಲೆ, ಕೋಚ್, ಪೋಲೆ ಸಾನಾ" ಎಂದು ಸ್ವಾಹಿಲಿಯಲ್ಲಿ ಮರುಕದಿಂದ ಗೊಣಗುತ್ತಿದ್ದರು. ದ್ವಾರಕಾನಾಥನ ಕಣ್ಣು ತನಗೆ ತಾನೇ ಮೇಲೆದ್ದು ಆ ಗುಂಪಿನಲ್ಲಿ ಯಾರನ್ನೋ ಹುಡುಕಿತು, ಎದ್ದು ಬರುವ ಒಬ್ಬ ಅಣ್ಣನನ್ನು, ಒಬ್ಬ ಚಿಕ್ಕಪ್ಪನನ್ನು. ಯಾರೂ ಇರಲಿಲ್ಲ.

"ಡಾಕ್, ನನ್ನ ಕೈ ಎಲ್ಲಿದೆ?"

"ಅಲ್ಲೇ ಇದೆ. ಅಲುಗಾಡಬೇಡ."

"ಗೊತ್ತಾಗ್ತಾ ಇಲ್ಲ. ಕಾಲೂ ಗೊತ್ತಾಗ್ತಾ ಇಲ್ಲ."

"ಏನಿಲ್ಲ, ಎಲ್ಲ ಸರಿಹೋಗುತ್ತೆ," ಎಂದುಬಿಟ್ಟ. ಬಾಯಿ ತಾನಾಗಿ ಹೇಳಿತ್ತು.

ಟೆಲ್ಫರನ ನೀಲಿ ಕಣ್ಣುಗಳು ಅವನ ಮುಖದ ಮೇಲೆ ಓಡಾಡಿದವು. ಹುಬ್ಬು, ಬಾಯಿ, ಮತ್ತೆ ಕಣ್ಣು. ಹದಿನೇಳು ವರ್ಷ ಎದುರಿನವನ ಮುಖ ನೋಡಿ ಅವನು ಯಾವ ಕಡೆ ತಿರುಗುತ್ತಾನೆಂದು ಹೇಳುತ್ತಿದ್ದ ಕಣ್ಣುಗಳವು. ದ್ವಾರಕಾನಾಥನಿಗೆ ಮುಖ ತಿರುಗಿಸಬೇಕೆನಿಸಿತು. ತಿರುಗಿಸಿದರೆ ಕೈ ಅಲುಗುತ್ತದೆ.

"ಸ್ಕ್ಯಾನಿನಲ್ಲಿ ಏನಿತ್ತು?"

ಆಗ ಹೇಳಿದ. ಬೆನ್ನುಹುರಿಯ ದಾರಿ ಇಕ್ಕಟ್ಟಾಗಿತ್ತು, ಒಂದು ಪೆಟ್ಟು ಸಾಕಾಗಿತ್ತು, ನೀನು ಆಡಬಾರದಿತ್ತು ಎಂದ. ಎಲ್ಲಿಯೂ ತಡವರಿಸಲಿಲ್ಲ. ಇದೇ ಮಾತು ಬೆಳಗಿನಿಂದ ಯಾಕೆ ಅಷ್ಟು ಕಷ್ಟವಾಗಿತ್ತೆಂದು ಅವನಿಗೇ ಆಶ್ಚರ್ಯವಾಗುವಷ್ಟು ಸುಲಭವಾಗಿ ಬಂತು.

"ಯಾವಾಗ ಗೊತ್ತಾಯ್ತು?"

"ಶುಕ್ರವಾರ."

ಟೆಲ್ಫರನ ತುಟಿ ಒಂದು ಸಲ ಅದುರಿತು. "ನಿಮ್ಮ ಹೆಂಡತಿಗೆ?"

"ಅವಳಿಗೆ ಗೊತ್ತಿಲ್ಲ."

ಟೆಲ್ಫರ್ ಉಸಿರೆಳೆದುಕೊಂಡ. ಎದೆ ಸ್ವಲ್ಪವೇ ಏರಿತು. ಆಮೇಲೆ ದ್ವಾರಕಾನಾಥನ ಮುಖವನ್ನು ನೋಡುತ್ತಲೇ ಕಣ್ಣು ಮುಚ್ಚಿಕೊಂಡ. ಎಚ್ಚರ ತಪ್ಪಿತೇ ಎಂದು ಗಾಬರಿಯಾಗಿ ದ್ವಾರಕಾನಾಥ ಬಗ್ಗಿದ. ರೋಗಿಯನ್ನು ಮಾತಾಡಿಸುತ್ತಿರಬೇಕು. "ಆಂಗಸ್," ಎಂದ. "ಆಂಗಸ್, ನನ್ನ ಮಾತು ಕೇಳಿಸ್ತಾ ಇದೆಯಾ?" ಎಂದ.

ಕೇಳಿಸುತ್ತಿತ್ತು. ಮುಚ್ಚಿದ ರೆಪ್ಪೆಗಳು ಇನ್ನಷ್ಟು ಬಿಗಿಯಾದವು.